ಏಕಮುಖ ಸಂಚಾರ: ಸಾಂಟಾನಾ ಬ್ಯಾಂಡಿನ ‘ಕ್ಯಾರವಾನ್ಸೆರಾಯ್’ ಮತ್ತು ಅದನ್ನು ಕೇಳಿದವರು



ಈ ಉಪನ್ಯಾಸದ ದತ್ತಿಪತ್ರದಲ್ಲಿ ‘ಸಂಗೀತ ವಿಮರ್ಶೆಯ ಕುರಿತು’ ಎಂದಷ್ಟೇ ಇದೆ. ಯಾವ ಸಂಗೀತ ಎಂದು ಬರೆದಿಲ್ಲ. ಬರೆಯದೆ ಬಿಟ್ಟವರ ಔದಾರ್ಯವನ್ನು ಇವತ್ತು ನಾನು ಸ್ವಲ್ಪ ಧಾರಾಳವಾಗಿಯೇ ಬಳಸಿಕೊಳ್ಳುತ್ತಿದ್ದೇನೆ. ಮಾತಾಡಲಿಕ್ಕೆ ಹೊರಟಿರುವುದು 1972ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಒಂದು ಆಲ್ಬಮಿನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ಅದನ್ನು ಯಾರು ಯಾರು ಹೇಗೆ ಕೇಳಿಸಿಕೊಂಡರು ಎಂಬುದರ ಬಗ್ಗೆ.

ಮೊದಲ ಕೇಳುಗರ ಪಟ್ಟಿಯಲ್ಲಿ ನಮ್ಮ ಅಜ್ಜಿಯೂ ಇದ್ದಾರೆ. ಎಂಬತ್ತರ ದಶಕ, ತೀರ್ಥಹಳ್ಳಿ ಕಡೆಯ ನಮ್ಮ ಮನೆ, ಮಳೆಗಾಲ ಮುಗಿಯುತ್ತಿದ್ದ ಒಂದು ರಾತ್ರಿ. ಬೆಂಗಳೂರಿನಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗ ಒಂದು ಕ್ಯಾಸೆಟ್ ತಂದಿದ್ದ. ಯಾರದೋ ರೆಕಾರ್ಡಿನಿಂದ ತುಂಬಿಸಿದ್ದು. ಮೇಲೆ ಬಾಲ್‌ಪೆನ್ನಿನಲ್ಲಿ ‘ಸಾಂಟಾನಾ’ ಎಂದು ಮಾತ್ರ ಬರೆದಿತ್ತು. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಕೇಳಿಸುತ್ತೇನೆ ಎಂದು ಗುಂಡಿ ಒತ್ತಿದ. ಜೀರುಂಡೆ ಸದ್ದು. ವಾಲ್ಯೂಮ್ ಏರಿಸಿದ. ಜೀರುಂಡೆ ಇನ್ನೂ ಜೋರಾಯಿತು. ಟೇಪ್ ಖಾಲಿ ಇದೆ, ಕೇಳಿಸುತ್ತಿರುವುದು ನಮ್ಮ ಹಿತ್ತಿಲದ್ದೇ ಇರಬೇಕು ಎಂದುಕೊಂಡು ನಿಲ್ಲಿಸಿದ. ಹಿತ್ತಿಲದ್ದು ನಿಲ್ಲಲಿಲ್ಲ, ಆದರೆ ಅರ್ಧಕ್ಕೆ ಇಳಿಯಿತು. ಮತ್ತೆ ಒತ್ತಿದ. ಒಳಗಿನಿಂದ ಅಜ್ಜಿ ಕೂಗಿದರು: “ಹುಳದ ಸದ್ದು ಕೇಳಕ್ಕೆ ಕರೆಂಟ್ ಸುಡ್ಬೇಕೇನೋ ಮಗಾ? ಕಿಟಕಿ ತೆಗಿ, ಸಾಕು.”

ಈ ಆಲ್ಬಮಿನ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಅದು. ಎರಡನೆಯದು ಒಂದು ವಾರದ ನಂತರ ಬಂತು. ಆ ಅಣ್ಣ ಅದೇ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿಸಿಬಿಟ್ಟ. ಕಡೆಯ ಕೆಲವು ನಿಮಿಷ ಮಾತ್ರ ಅಳಿಸದೆ ಉಳಿದಿತ್ತು. ರಾಜ್‌ಕುಮಾರ್ ಹಾಡು ಮುಗಿದ ಕೂಡಲೇ ಎಲ್ಲಿಂದಲೋ ಒಂದು ಕೊಳಲು, ತಾಳವಾದ್ಯಗಳ ಒಂದು ದಂಡು, ಅದರ ಮೇಲೆ ಕೂಗಿ ಕರೆಯುವ ಗಿಟಾರ್. ನಾನು ಹಿಡಿದುಕೊಂಡದ್ದು ಆ ತುಂಡನ್ನು. ಅದು ಯಾವ ಆಲ್ಬಮ್ ಎಂದು ತಿಳಿಯಲು ನನಗೆ ಎಂಟು ವರ್ಷ ಬೇಕಾಯಿತು.

ಹೆಸರು ‘ಕ್ಯಾರವಾನ್ಸೆರಾಯ್’. ಪಾರಸಿಯಿಂದ ಬಂದ ಪದ. ಒಂಟೆಗಳ ಸಾಲು ಕಟ್ಟಿಕೊಂಡು ಹೋಗುವ ವ್ಯಾಪಾರಿಗಳು ರಾತ್ರಿ ತಂಗುವ ಛತ್ರ ಎಂದು ಅರ್ಥ. ಮೊಘಲ್‌ಸರಾಯ್ ಎಂಬ ಊರಿನ ಹಳೆಯ ಹೆಸರಿನಲ್ಲಿ ಇರುವುದೂ ಅದೇ ಸರಾಯ್. ಕನ್ನಡದಲ್ಲಿ ಆ ಸದ್ದಿಗೆ ಬೇರೆ ಅರ್ಥ ಹುಟ್ಟಿಕೊಂಡಿರುವುದರಿಂದ ನಾನು ಅನುವಾದ ಮಾಡುವ ಗೋಜಿಗೆ ಹೋಗುವುದಿಲ್ಲ.

ಬ್ಯಾಂಡಿನ ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಲೋಸ್ ಸಾಂಟಾನಾ 1947ರಲ್ಲಿ ಮೆಕ್ಸಿಕೋದ ಔಟ್ಲಾನ್ ಎಂಬಲ್ಲಿ ಹುಟ್ಟಿದವರು. ತಂದೆ ಮರಿಯಾಚಿ ಪಿಟೀಲುವಾದಕ. ಗಡಿಪಟ್ಟಣ ತಿಹುವಾನದಲ್ಲಿ ಬೆಳೆದು, ಸ್ಯಾನ್ ಫ್ರಾನ್ಸಿಸ್ಕೋ ಸೇರಿ, ಅಲ್ಲಿ 1966ರ ಸುಮಾರಿಗೆ ಕಟ್ಟಿದ ತಂಡ ಇದು. ಬ್ಲೂಸ್ ಗಿಟಾರಿನ ಕೆಳಗೆ ಕ್ಯೂಬಾ ಮೂಲದ ಕಾಂಗಾ, ಟಿಂಬಾಲೆಸ್‌ಗಳನ್ನು ಕೂರಿಸಿದ್ದು ಅವರ ಹೊಸತನ. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆ ಹತ್ತಿದಾಗ ಮೊದಲ ಆಲ್ಬಮ್ ಇನ್ನೂ ಜನರ ಕೈಗೆ ಸಿಕ್ಕಿರಲಿಲ್ಲ; ಡ್ರಮ್ಸ್ ಹಿಂದೆ ಕೂತಿದ್ದ ಮೈಕಲ್ ಶ್ರೀವ್‌ಗೆ ಇಪ್ಪತ್ತೇ ವರ್ಷ. ಆಮೇಲೆ ಬಂದದ್ದೆಲ್ಲ ಸುಗ್ಗಿ. 1970ರ ‘ಅಬ್ರಾಕ್ಸಸ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 1971ರ ಮೂರನೆಯ ಆಲ್ಬಮೂ ಮೊದಲ ಸ್ಥಾನಕ್ಕೇ ಹೋಯಿತು. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡು ನಾಲ್ಕನೆಯ ಸ್ಥಾನದಲ್ಲಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಜನ ಮುಗಿಬಿದ್ದ ಆ ಮೊದಲ ಆಲ್ಬಮ್ಮನ್ನು ‘ರೋಲಿಂಗ್ ಸ್ಟೋನ್’ ಪತ್ರಿಕೆ ಸುಮ್ಮನೆ ಬಿಟ್ಟಿರಲಿಲ್ಲ. ಲ್ಯಾಂಗ್‌ಡನ್ ವಿನ್ನರ್ ಎಂಬ ವಿಮರ್ಶಕ 1969ರಲ್ಲಿ ಅದನ್ನು ಟೊಳ್ಳು ತಂತ್ರಗಾರಿಕೆಯ ಮೇರುಕೃತಿ ಎಂಬ ಅರ್ಥ ಬರುವಂತೆ ಜರೆದಿದ್ದ. ಮೂರು ವರ್ಷದ ನಂತರ ಅದೇ ಪತ್ರಿಕೆ, ರೆಕಾರ್ಡ್ ಕಂಪನಿಯೇ ಹೆದರಿಕೊಂಡಿದ್ದ ಒಂದು ಆಲ್ಬಮ್ಮನ್ನು ಎತ್ತಿ ಹಿಡಿಯಿತು. ಮಾರಾಟವಾದದ್ದನ್ನು ಬೈದು, ಮಾರಾಟವಾಗದು ಎಂದು ಕಂಪನಿ ಅಂದುಕೊಂಡದ್ದನ್ನು ಹೊಗಳುವುದು ವಿಮರ್ಶಕರ ಹಳೇ ಚಾಳಿ ಎಂದು ಒಬ್ಬರು ಹೇಳಬಹುದು. ನಾನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ನಡುವೆ ಆದದ್ದು ಇಷ್ಟು. ಶ್ರೀವ್ ಜ್ಯಾಝ್ ಹುಚ್ಚಿನವನು. ಮೈಲ್ಸ್ ಡೇವಿಸ್, ಜಾನ್ ಕೊಲ್ಟ್ರೇನ್ ಅವರ ರೆಕಾರ್ಡುಗಳನ್ನು ಕಾರ್ಲೋಸ್‌ಗೆ ಹಚ್ಚಿಸಿದವನು ಅವನೇ. 1971ರ ಕೊನೆಗೆ ತಂಡ ಒಳಗೇ ಸೀಳಿತು. ಬೇಸ್ ನುಡಿಸುತ್ತಿದ್ದ ಡೇವಿಡ್ ಬ್ರೌನ್, ಕಾಂಗಾ ನುಡಿಸುತ್ತಿದ್ದ ಮೈಕಲ್ ಕರಬೆಲ್ಲೊ ಹೊರಗೆ ಹೋದರು. 1972ರ ಮೊದಲ ತಿಂಗಳುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಬಿಎಸ್ ಸ್ಟುಡಿಯೋದಲ್ಲಿ ಕಾರ್ಲೋಸ್ ಮತ್ತು ಶ್ರೀವ್ ತಾವೇ ನಿರ್ಮಾಪಕರಾಗಿ ನಿಂತು ಧ್ವನಿಮುದ್ರಿಸಿದ್ದು ಈ ಆಲ್ಬಮ್. ಹತ್ತು ರಚನೆಗಳು, ಅದರಲ್ಲಿ ಹಾಡು ಎಂದು ಕರೆಯಬಹುದಾದದ್ದು ಮೂರು. ರೇಡಿಯೋದಲ್ಲಿ ಹಾಕಲು ಒಂದು ‘ಸಿಂಗಲ್’ ಬೇಕಲ್ಲ, ಅದು ಎಲ್ಲಿಯೂ ಇಲ್ಲ.

ರೆಕಾರ್ಡ್ ಕಂಪನಿ ಕೊಲಂಬಿಯಾದ ಅಧ್ಯಕ್ಷ ಕ್ಲೈವ್ ಡೇವಿಸ್ ಇದನ್ನು ಕೇಳಿ, ಇದು ವೃತ್ತಿಯ ಆತ್ಮಹತ್ಯೆ ಎಂದು ಎಚ್ಚರಿಸಿದ ಪ್ರಸಂಗವನ್ನು ಕಾರ್ಲೋಸ್ ಅನೇಕ ಸಲ ಹೇಳಿಕೊಂಡಿದ್ದಾರೆ. ಈ ಕತೆಯಲ್ಲಿ ಕ್ಲೈವ್ ಖಳನಾಯಕನಾಗಿ ಬಿಡುತ್ತಾನೆ: ಕಲೆಗಾರ ಒಂದು ಕಡೆ, ಲೆಕ್ಕದ ಪುಸ್ತಕ ಇನ್ನೊಂದು ಕಡೆ. ನನಗೆ ಈ ಚಿತ್ರ ಒಪ್ಪಿಗೆಯಿಲ್ಲ. ಯಾಕೆಂದರೆ ಇದೇ ಕ್ಲೈವ್ ಡೇವಿಸ್, ಇದಕ್ಕೆ ಎರಡು ವರ್ಷ ಮೊದಲು, ಮೈಲ್ಸ್ ಡೇವಿಸ್ ಎಂಬ ಜ್ಯಾಝ್ ದೊರೆಗೆ ‘ಕ್ಲಬ್ಬುಗಳಲ್ಲಿ ಎಷ್ಟು ದಿನ ಇರುತ್ತೀರಿ, ರಾಕ್ ಹುಡುಗರು ಸೇರುವ ಫಿಲ್‌ಮೋರ್ ಸಭಾಂಗಣಕ್ಕೆ ಹೋಗಿ ನುಡಿಸಿ’ ಎಂಬ ಧಾಟಿಯಲ್ಲಿ ಒತ್ತಾಯ ಮಾಡಿದವನು. ಮೈಲ್ಸ್ ಹೋದರು. 1970ರಲ್ಲಿ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ ಎರಡೂ ಫಿಲ್‌ಮೋರ್‌ಗಳಲ್ಲಿ ನುಡಿಸಿದರು. ಅವರ ಆಲ್ಬಮ್ ‘ಬಿಚಸ್ ಬ್ರೂ’ ಚೆನ್ನಾಗಿ ಮಾರಾಟವಾಯಿತು.

ಎಂದರೆ ಜ್ಯಾಝ್ ಮತ್ತು ರಾಕ್ ನಡುವೆ ರಸ್ತೆ ಹಾಕಿಸಿದವರಲ್ಲಿ ಕ್ಲೈವ್ ಕೂಡ ಒಬ್ಬ. ಆದರೆ ಅವನ ಲೆಕ್ಕದಲ್ಲಿ ಅದು ಒನ್‌ವೇ. ಜ್ಯಾಝಿನಿಂದ ರಾಕಿಗೆ ಬರಬಹುದು. ಸಾವಿರ ಜನ ಇದ್ದ ಕಡೆ ಹತ್ತು ಸಾವಿರ ಜನ ಸಿಗುತ್ತಾರೆ. ಎದುರು ದಿಕ್ಕಿನಲ್ಲಿ ಗಾಡಿ ಬಿಟ್ಟರೆ ದಂಡ. ನಮ್ಮ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಬೋರ್ಡ್ ಬದಲಾಯಿಸಿದ ರಸ್ತೆಗೆ ಗೊತ್ತಿಲ್ಲದೆ ನುಗ್ಗಿದವರಿಗೆ ಈ ಅನುಭವ ಹೊಸತಲ್ಲ. ಸಾಂಟಾನಾ ಬ್ಯಾಂಡು ಗೊತ್ತಿದ್ದೇ ನುಗ್ಗಿತು. ಈ ಆಲ್ಬಮಿನ ಬಗ್ಗೆ ಬಂದ ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ವಾದ ನಡೆದದ್ದು ಸಂಗೀತದ ಗುಣದ ಮೇಲಲ್ಲ, ಗಾಡಿ ಹೋಗುತ್ತಿರುವ ದಿಕ್ಕಿನ ಮೇಲೆ.

ಇದಕ್ಕೆ ಪುರಾವೆ ಅದೇ ಕಂಪನಿ ಅದೇ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ಇನ್ನೊಂದು ಆಲ್ಬಮ್. ಮೈಲ್ಸ್ ಡೇವಿಸ್ ಅವರ ‘ಆನ್ ದ ಕಾರ್ನರ್’. ಅದರಲ್ಲಿ ಬಾದಲ್ ರಾಯ್ ಅವರ ತಬಲಾ ಇದೆ, ಸಿತಾರ್ ಇದೆ, ಬೀದಿಯ ಫಂಕ್ ತಾಳ ಇದೆ. ಜ್ಯಾಝ್ ವಿಮರ್ಶಕರು ಅದರ ಮೇಲೆ ಬಿದ್ದ ಪರಿ ಇವತ್ತಿಗೂ ಪ್ರಸಿದ್ಧ: ಹುಡುಗರ ಹಿಂದೆ ಹೋದ, ಜೇಬಿಗಾಗಿ ಹೋದ, ಕಲೆಯನ್ನು ಮಾರಿಕೊಂಡ. ಒಬ್ಬ ಮಾರಾಟಕ್ಕೆ ಇಳಿದ ಎಂದು ಬೈಸಿಕೊಂಡ, ಇನ್ನೊಬ್ಬ ಮಾರಾಟ ಬಿಟ್ಟ ಎಂದು ಬೈಸಿಕೊಂಡ. ಇಬ್ಬರೂ ಒಂದೇ ನಡುದಾರಿಯಲ್ಲಿ ಎದುರುಬದುರಾಗಿ ಹಾದುಹೋಗುತ್ತಿದ್ದರು. ‘ಆನ್ ದ ಕಾರ್ನರ್’ ಆಗ ನೆಲಕಚ್ಚಿತು. ಇವತ್ತು ಅದನ್ನು ಹಿಪ್‌ಹಾಪ್‌ನ ಮುತ್ತಜ್ಜ ಎಂದು ಮೆರೆಸುತ್ತಾರೆ.

ಈಗ ರಾಲ್ಫ್ ಗ್ಲೀಸನ್ ಅವರ ವಿಷಯ. ‘ರೋಲಿಂಗ್ ಸ್ಟೋನ್’ನಲ್ಲಿ ‘ಕ್ಯಾರವಾನ್ಸೆರಾಯ್’ ಬಗ್ಗೆ ಬರೆದವರು ಅವರು. ಇವರನ್ನು ಸ್ವಲ್ಪ ನಿಂತು ನೋಡಬೇಕು. 1917ರಲ್ಲಿ ಹುಟ್ಟಿದವರು, ಈ ಆಲ್ಬಮ್ ಬಂದಾಗ ಐವತ್ತೈದು. ‘ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್’ನಲ್ಲಿ ವರ್ಷಾನುಗಟ್ಟಲೆ ಜ್ಯಾಝ್ ಅಂಕಣ ಬರೆದವರು, 1958ರಲ್ಲಿ ಶುರುವಾದ ಮಾಂಟೆರೇ ಜ್ಯಾಝ್ ಉತ್ಸವದ ಸ್ಥಾಪಕರಲ್ಲಿ ಒಬ್ಬರು. ‘ಜ್ಯಾಝ್ ಕ್ಯಾಶುವಲ್’ ಎಂಬ ಟೀವಿ ಕಾರ್ಯಕ್ರಮಕ್ಕೆ 1963ರಲ್ಲಿ ಕೊಲ್ಟ್ರೇನ್ ಚತುಷ್ಟಯವನ್ನು ಕರೆಸಿಕೊಂಡವರು. ಅದೇ ಮನುಷ್ಯ 1967ರಲ್ಲಿ ಇಪ್ಪತ್ತೊಂದರ ಹರೆಯದ ಯಾನ್ ವೆನ್ನರ್ ಜೊತೆ ಸೇರಿ ‘ರೋಲಿಂಗ್ ಸ್ಟೋನ್’ ಹುಟ್ಟುಹಾಕಿದರು. ‘ಬಿಚಸ್ ಬ್ರೂ’ ರೆಕಾರ್ಡಿನ ಹೊದಿಕೆಯ ಮೇಲಿನ ಬರಹವೂ ಇವರದೇ. ರಸ್ತೆಯ ಎರಡೂ ತುದಿಯಲ್ಲಿ ಮನೆ ಇದ್ದವರು ಎನ್ನೋಣ. ಅಂಥವರಿಗೆ ಗಾಡಿ ಯಾವ ಕಡೆಯಿಂದ ಬಂತೆಂಬುದು ದೊಡ್ಡ ವಿಷಯವಾಗಲಿಲ್ಲ. ಈ ಸಂಗೀತ ಮನುಷ್ಯನ ವಿಶ್ವವ್ಯಾಪಕತೆಯನ್ನು ನೇರವಾಗಿ ಮಾತಾಡಿಸುತ್ತದೆ ಎಂಬ ಅರ್ಥದಲ್ಲಿ ಬರೆದರು.

ಮಾತು ದೊಡ್ಡದೇ. ನನ್ನನ್ನು ಕೇಳಿದರೆ ಅಗತ್ಯಕ್ಕಿಂತ ಸ್ವಲ್ಪ ದೊಡ್ಡದು. ನಮ್ಮ ಕಡೆ ಕಛೇರಿ ವರದಿ ಬರೆಯುವವರು ‘ಕಲ್ಯಾಣಿಯ ಆಲಾಪನೆ ಹಿತವಾಗಿ ಮೂಡಿಬಂತು’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರಲ್ಲ, ಅದರ ಎದುರು ತುದಿ ಇದು. ಹಿತ ಎಂದು ಬರೆದವನೂ ಏನು ಕೇಳಿಸಿತು ಎಂದು ಹೇಳಲಿಲ್ಲ. ವಿಶ್ವ ಎಂದು ಬರೆದವರೂ ಹೇಳಲಿಲ್ಲ. ಆದರೆ ಗ್ಲೀಸನ್ ಕಿವಿ ತೆರೆದು ಕೂತಿದ್ದರು ಎಂಬುದನ್ನು ಒಪ್ಪಿಕೊಳ್ಳಬೇಕು. ಸಹೃದಯ ಎಂಬ ಪದವನ್ನು ನಾವು ಸುಮ್ಮನೆ ಸಜ್ಜನ ಎಂಬಂತೆ ಬಳಸಿ ಸವೆಸಿದ್ದೇವೆ. ಹಳೆಯ ಮೀಮಾಂಸಕರ ಪ್ರಕಾರ ಅದು ಅಭ್ಯಾಸದಿಂದ ಬರುವ ಅರ್ಹತೆ. ಕನ್ನಡಿಯನ್ನು ಉಜ್ಜಿ ಉಜ್ಜಿ ಹೊಳಪು ತರುವ ಹಾಗೆ. ಗ್ಲೀಸನ್‌ಗೆ ಮೂವತ್ತು ವರ್ಷದ ಉಜ್ಜುವಿಕೆ ಇತ್ತು.

ಎಲ್ಲಕ್ಕಿಂತ ತೀಕ್ಷ್ಣವಾದ ವಿಮರ್ಶೆ ಅಚ್ಚಿನಲ್ಲಿ ಬರಲಿಲ್ಲ. ಅದು ರಾಜೀನಾಮೆಯ ರೂಪದಲ್ಲಿ ಬಂತು. ಗ್ರೆಗ್ ರೋಲಿ ಬ್ಯಾಂಡಿನ ಸ್ಥಾಪಕ ಸದಸ್ಯ. ಹ್ಯಾಮಂಡ್ ಆರ್ಗನ್ ಅವನದು. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡಿದ ಕಂಠವೂ ಅವನದೇ. ಹಾಡೇ ಅಪರೂಪವಾದ ಆಲ್ಬಮಿನಲ್ಲಿ ಹಾಡುಗಾರನಿಗೆ ಏನು ಕೆಲಸ? ನೀಲ್ ಶಾನ್ ಹದಿಹರೆಯದಲ್ಲೇ ಎರಡನೇ ಗಿಟಾರಿಗೆ ಸೇರಿದ್ದ ಪ್ರತಿಭಾವಂತ. ಇಬ್ಬರೂ ಈ ಆಲ್ಬಮಿನಲ್ಲಿ ಮನಸಾರೆ ನುಡಿಸಿ, ಆಮೇಲೆ ಹೊರಗೆ ಹೋಗಿ, 1973ರಲ್ಲಿ ‘ಜರ್ನಿ’ ಎಂಬ ಬ್ಯಾಂಡ್ ಕಟ್ಟಿದರು. ಆ ಬ್ಯಾಂಡೂ ಮೊದಲು ವಾದ್ಯಸಂಗೀತವನ್ನೇ ಹಿಡಿದು ಹೊರಟು, ಕೊನೆಗೆ ಕ್ರೀಡಾಂಗಣ ತುಂಬಿಸುವ ಹಾಡುಗಳಿಗೆ ಬಂದು ನಿಂತಿತು. ಅವರಿಗೆ ಸರಿಯಾದ ದಿಕ್ಕು ಸಿಕ್ಕಿತು ಎನ್ನೋಣ. ಒಟ್ಟಿಗೆ ಕೂತು ಮುದ್ರಿಸಿದ ಸಂಗೀತಕ್ಕೆ, ಅದನ್ನು ನುಡಿಸಿದವನೇ ಎದ್ದು ಹೋಗುವುದರ ಮೂಲಕ ಕೊಟ್ಟ ಉತ್ತರವನ್ನು ವಿಮರ್ಶಾ ಚರಿತ್ರೆಗಳು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೋ ನನಗೆ ಗೊತ್ತಿಲ್ಲ.

ಇಷ್ಟು ಹೊತ್ತು ಕೇಳಿದವರ ಬಗ್ಗೆ ಮಾತಾಡಿ, ಕೇಳಿದ್ದೇನು ಎಂದು ಹೇಳದಿದ್ದರೆ ನಾನೂ ಅದೇ ತಪ್ಪು ಮಾಡಿದಂತೆ. ಸಭೆಯಲ್ಲಿ ಕೆಲವು ತುಣುಕು ಕೇಳಿಸಿದ್ದೆ; ಅಚ್ಚಿನಲ್ಲಿ ಆ ಅನುಕೂಲವಿಲ್ಲ.

ಜೀರುಂಡೆಗಳಿಂದ ಶುರು. ಅದರೊಳಗಿಂದ ಹ್ಯಾಡ್ಲಿ ಕ್ಯಾಲಿಮನ್ ಅವರ ಸ್ಯಾಕ್ಸೋಫೋನ್ ಒಂದು ಒಂಟಿ ಕೂಗು ಹಾಕುತ್ತದೆ. ಆಮೇಲೆ ಟಾಮ್ ರಟ್ಲಿಯ ದೊಡ್ಡ ಮರದ ಬೇಸ್, ನಿಧಾನಕ್ಕೆ, ಕತ್ತಲಲ್ಲಿ ಮೆಟ್ಟಿಲು ತಡಕುವವರ ಹಾಗೆ. ಜನ ದುಡ್ಡು ಕೊಟ್ಟು ಕೊಂಡದ್ದು ಕಾರ್ಲೋಸ್ ಗಿಟಾರಿಗಾಗಿ, ಆದರೆ ಆ ಗಿಟಾರ್ ಕಾಯಿಸುತ್ತದೆ. ಆಲಾಪನೆ ಕೇಳಿ ಅಭ್ಯಾಸ ಇರುವ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಪಲ್ಲವಿ ಬಂದೇ ಬರುತ್ತದೆ ಎಂಬ ಧೈರ್ಯ ಇರುತ್ತದೆ. ಇಲ್ಲಿ ಪಲ್ಲವಿ ಬರುವುದೇ ಇಲ್ಲ. ಮೊದಲ ಮುಖದಲ್ಲಿ ಒಂದು ರಚನೆ ಮುಗಿಯುವ ಮೊದಲೇ ಇನ್ನೊಂದರೊಳಗೆ ಇಳಿದಿರುತ್ತದೆ. ರೇಡಿಯೋದವರಿಗೆ ಸೂಜಿ ಎಲ್ಲಿ ಇಡಬೇಕು, ಎಲ್ಲಿ ಎತ್ತಬೇಕು ಎಂದೇ ತಿಳಿಯಬಾರದು, ಹಾಗೆ.

‘ಸಾಂಗ್ ಆಫ್ ದ ವಿಂಡ್’ ಆರು ನಿಮಿಷದ್ದು. ಮಾತಿಲ್ಲ. ಎರಡು ಸ್ವರಮೇಳಗಳು ಹಿಂದೆ ತೂಗುತ್ತಿರುತ್ತವೆ, ಮೇಲೆ ಗಿಟಾರ್. ಶಾನ್ ಮತ್ತು ಕಾರ್ಲೋಸ್ ಇಬ್ಬರೂ ಇದರಲ್ಲಿ ಇದ್ದಾರೆ. ಒಬ್ಬ ಎಲ್ಲಿ ನಿಲ್ಲಿಸಿ ಇನ್ನೊಬ್ಬ ಎಲ್ಲಿ ಎತ್ತಿಕೊಂಡ ಎಂದು ನಾನು ಎಷ್ಟೋ ಸಲ ಕೂತು ಗೆರೆ ಎಳೆಯಲು ನೋಡಿದ್ದೇನೆ, ಪ್ರತಿಸಲ ಗೆರೆ ಬೇರೆ ಕಡೆ ಬೀಳುತ್ತದೆ. ಒಂದು ಸ್ವರವನ್ನು ಹಿಡಿದು, ಅದು ಕ್ಷೀಣಿಸುವ ಬದಲು ಉಬ್ಬುವಂತೆ ಮಾಡುವುದು ಕಾರ್ಲೋಸ್ ಕೈಚಳಕ. ಕೆಲವೇ ತಿಂಗಳಲ್ಲಿ ಬೇರೆಯಾಗಲಿದ್ದ ಇಬ್ಬರು ಹೀಗೆ ನುಡಿಸಿದ್ದಾರೆ ಎಂಬುದು ನನಗೆ ಈ ಆಲ್ಬಮಿನ ಅತಿ ದೊಡ್ಡ ಆಶ್ಚರ್ಯ.

‘ಲ್ಯಾಟಿನ್ ಬ್ಯಾಂಡ್ ತನ್ನ ಲ್ಯಾಟಿನ್‌ತನವನ್ನೇ ಬಿಟ್ಟುಕೊಟ್ಟಿತು’ ಎಂಬ ದೂರು ಇದರ ಬಗ್ಗೆ ಮಾತು ಬಂದಾಗಲೆಲ್ಲ ಬರುತ್ತದೆ. ಇದನ್ನು ಹೇಳುವವರು ರೆಕಾರ್ಡನ್ನು ಮಗುಚಿ ಹಾಕಿಲ್ಲ ಎಂದೇ ನನ್ನ ಗುಮಾನಿ. ಎರಡನೇ ಮುಖದ ಶುರುವಿಗೇ ‘ಫ್ಯೂಚರ್ ಪ್ರಿಮಿಟಿವ್’ ಇದೆ: ಚೆಪಿಟೊ ಆರೆಯಾಸ್ ಮತ್ತು ಮಿಂಗೊ ಲೂಯಿಸ್ ಇಬ್ಬರ ತಾಳವಾದ್ಯ ಸಂವಾದ, ನಮ್ಮ ಕಛೇರಿಯ ತನಿ ಆವರ್ತನದಲ್ಲಿ ಮೃದಂಗ ಘಟಗಳು ಪ್ರಶ್ನೋತ್ತರ ಮಾಡುವಂತೆ. ಅದಾದ ಮೇಲೆ ಬ್ರೆಜಿಲ್‌ನ ಆಂಟೋನಿಯೊ ಕಾರ್ಲೋಸ್ ಜೋಬಿಂ ಅವರ ‘ಸ್ಟೋನ್ ಫ್ಲವರ್’. ಅದರ ಮುಂದೆ ‘ಲಾ ಫುಎಂತೆ ದೆಲ್ ರಿತ್ಮೊ’, ಲಯದ ಬುಗ್ಗೆ. ಇಲ್ಲಿ ಬಾಂಗೊ ನುಡಿಸುವುದು ಆರ್ಮಾಂಡೊ ಪೆರಾಸಾ. 1924ರಲ್ಲಿ ಹುಟ್ಟಿದ ಕ್ಯೂಬಾದ ಹಿರಿಯ, ಜಾರ್ಜ್ ಶೀರಿಂಗ್, ಕ್ಯಾಲ್ ಜೇಡರ್ ಅವರಂಥ ಜ್ಯಾಝ್ ದಿಗ್ಗಜರ ಜೊತೆ ನುಡಿಸಿ ಬಂದವರು. ಹವಾನಾ ಮತ್ತು ಜ್ಯಾಝ್ ನಡುವಿನ ನಂಟು ಸಾಂಟಾನಾ ಹುಟ್ಟುವ ಮೊದಲಿನದು ಎಂಬುದಕ್ಕೆ ಆ ಹಿರಿಯರ ಬೆರಳುಗಳೇ ಸಾಕ್ಷಿ. ಬಿಟ್ಟುಕೊಡುವುದಿರಲಿ, ಇವರು ಇನ್ನಷ್ಟು ಆಳಕ್ಕೆ ಅಗೆದರು.

ಕಡೆಯ ‘ಎವ್ರಿ ಸ್ಟೆಪ್ ಆಫ್ ದ ವೇ’ ಶ್ರೀವ್ ರಚಿಸಿದ್ದು, ಒಂಬತ್ತು ನಿಮಿಷ. ನಮ್ಮ ಕ್ಯಾಸೆಟ್ಟಿನಲ್ಲಿ ಅಳಿಸದೆ ಉಳಿದದ್ದು ಇದರ ಬಾಲ. ಮೊದಲ ಅರ್ಧದಲ್ಲಿ ಏನೋ ಬರುತ್ತದೆ ಏನೋ ಬರುತ್ತದೆ ಎಂದು ಬಿಗಿ ಹಿಡಿದು, ಒಮ್ಮೆಲೇ ಕಟ್ಟೆ ಒಡೆಯುತ್ತದೆ. ಟಾಮ್ ಹ್ಯಾರೆಲ್ ಹೊಂದಿಸಿದ ವಾದ್ಯವೃಂದ ಹಿಂದೆ ಗೋಡೆಯಂತೆ ಏಳುತ್ತದೆ.

ಇನ್ನು ನನಗೆ ಸೇರದ್ದು. ಮೂರು ಹಾಡುಗಳ ಸಾಹಿತ್ಯ ಸಪ್ಪೆ. ಸೂರ್ಯ, ವಿಶ್ವ, ಪ್ರೇಮ ಎಂಬ ಪದಗಳನ್ನು ಕ್ಯಾಲೆಂಡರಿನಿಂದ ಕಿತ್ತು ಅಂಟಿಸಿದ ಹಾಗಿದೆ. ಮೊದಲ ರಚನೆಗೆ ಪುನರ್ಜನ್ಮದ ಅನಂತ ಪಯಣ ಎಂಬರ್ಥದ ಶೀರ್ಷಿಕೆ. ಹೊದಿಕೆಯ ಮೇಲೆ ಪರಮಹಂಸ ಯೋಗಾನಂದರ ಸಾಲುಗಳು. 1935ರಲ್ಲಿ ಯುವರಾಜರ ಆಹ್ವಾನದ ಮೇಲೆ ಮೈಸೂರಿಗೂ ಬಂದು ಹೋಗಿದ್ದ ಯೋಗಾನಂದರು ಆಗ ಕ್ಯಾಲಿಫೋರ್ನಿಯಾದ ಪ್ರತಿ ಎರಡನೇ ಕಪಾಟಿನಲ್ಲಿ ಇದ್ದಿರಬೇಕು. ಅಲ್ಲಿನವರಿಗೆ ಇದು ಗಹನ ಅನ್ನಿಸಿತು. ಸಂಕ್ರಾಂತಿಗೊಮ್ಮೆ ಯುಗಾದಿಗೊಮ್ಮೆ ಇದನ್ನೇ ಕೇಳಿ ಬೆಳೆದ ನಮಗೆ ಅಷ್ಟು ಸುಲಭಕ್ಕೆ ರೋಮಾಂಚನ ಆಗುವುದಿಲ್ಲ. ಕಾರ್ಲೋಸ್ ಬಂಗಾಳಿ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿ ‘ದೇವದೀಪ್’ ಎಂಬ ಹೆಸರು ಪಡೆದದ್ದು, ಕೂದಲು ಕತ್ತರಿಸಿ ಬಿಳಿ ಬಟ್ಟೆ ತೊಟ್ಟದ್ದು ಆಲ್ಬಮ್ ಮುದ್ರಣವಾದ ಮೇಲಿನ ಮಾತು. ಆದರೆ ಆಮೇಲಿನ ಬಿಳಿ ಬಟ್ಟೆಯನ್ನು ಹಿಂದಕ್ಕೆ ತಂದು ಈ ಆಲ್ಬಮಿಗೂ ಉಡಿಸಿ ನಕ್ಕವರಿದ್ದಾರೆ. ಅದು ಅನ್ಯಾಯ. ಸಂಗೀತವನ್ನು ಬಿಟ್ಟು ಸಂಗೀತಗಾರನ ದಿರಿಸನ್ನು ವಿಮರ್ಶಿಸುವುದು ಎಲ್ಲ ದೇಶದಲ್ಲೂ ಇರುವ ಸೋಮಾರಿತನ.

ಹಾಗಾದರೆ ಕ್ಲೈವ್ ಹೇಳಿದ ಆತ್ಮಹತ್ಯೆ ಆಯಿತೆ? ‘ಕ್ಯಾರವಾನ್ಸೆರಾಯ್’ ಅಮೆರಿಕದಲ್ಲಿ ಎಂಟನೇ ಸ್ಥಾನ, ಬ್ರಿಟನ್ನಿನಲ್ಲಿ ಆರನೇ ಸ್ಥಾನ ಮುಟ್ಟಿತು. ಮುಂದೆ ಪ್ಲಾಟಿನಂ ಮನ್ನಣೆಯೂ ಬಂತು. ಎರಡು ಸಲ ಒಂದನೇ ಸ್ಥಾನದಲ್ಲಿದ್ದವನು ಎಂಟಕ್ಕೆ ಇಳಿದರೆ ಬಿದ್ದ ಎನ್ನುತ್ತಾರೆ. ಹುಟ್ಟಿದಾರಭ್ಯ ಎಂಬತ್ತರಲ್ಲಿ ಇದ್ದವನು ಎಂಟಕ್ಕೆ ಬಂದರೆ ಹಾರ ಹಾಕುತ್ತಾರೆ. ಆದರೆ ಕ್ಲೈವ್ ಪೂರಾ ತಪ್ಪಿದ ಎಂದೂ ಹೇಳಲಾರೆ. ಅದೇ ದಾರಿಯಲ್ಲಿ ಮುಂದುವರಿದ 1973ರ ‘ವೆಲ್‌ಕಮ್’ ಅಮೆರಿಕದಲ್ಲಿ ಇಪ್ಪತ್ತೈದಕ್ಕೆ ನಿಂತಿತು, 1974ರ ‘ಬೋರ್ಬೊಲೆಟಾ’ ಇಪ್ಪತ್ತಕ್ಕೆ. 1976ರಲ್ಲಿ ‘ಅಮಿಗೋಸ್’ ಮೂಲಕ ಬ್ಯಾಂಡು ಕುಣಿಸುವ ಹಾಡುಗಳಿಗೆ ಹಿಂದಿರುಗಿ ಮತ್ತೆ ಮೊದಲ ಹತ್ತರೊಳಗೆ ಬಂತು. ಬಿಲ್ಲು ಕ್ಲೈವ್ ಊಹಿಸಿದ ಮೊತ್ತದ್ದೇ. ಬಂದದ್ದು ಎರಡು ಆಲ್ಬಮ್ ತಡವಾಗಿ. ಅಷ್ಟರಲ್ಲಿ ಕ್ಲೈವನೇ ಅಲ್ಲಿರಲಿಲ್ಲ; 1973ರಲ್ಲಿ ಕೊಲಂಬಿಯಾದಿಂದ ಅವನನ್ನು ಹೊರಗೆ ಹಾಕಿದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1999ರಲ್ಲಿ ಅದೇ ಕ್ಲೈವ್ ಡೇವಿಸ್, ಈಗ ಅರಿಸ್ಟಾ ಎಂಬ ತನ್ನ ಕಂಪನಿಯಲ್ಲಿ ಕೂತು, ಅದೇ ಕಾರ್ಲೋಸ್‌ಗೆ ಹೊಸ ಕಾಲದ ಹಾಡುಗಾರರನ್ನು ಜೋಡಿಸಿ ‘ಸೂಪರ್‌ನ್ಯಾಚುರಲ್’ ಮಾಡಿಸಿದ. ಒಂದನೇ ಸ್ಥಾನ, ಒಂಬತ್ತು ಗ್ರ್ಯಾಮಿ. ಸಿಂಗಲ್ ಇಲ್ಲ ಎಂದು ಗೊಣಗಿದ್ದವನು ಇಪ್ಪತ್ತೇಳು ವರ್ಷ ಕಾದು ಸಿಂಗಲ್ ವಸೂಲಿ ಮಾಡಿದ. ಆ ಆಲ್ಬಮ್ ಬಂದ ಮೇಲೆ ಸಾಂಟಾನಾರನ್ನು ಹೊಸದಾಗಿ ಕಂಡುಕೊಂಡ ಒಂದು ತಲೆಮಾರು ಹಿಂದಕ್ಕೆ ನಡೆಯುತ್ತಾ ಹೋಗಿ ‘ಕ್ಯಾರವಾನ್ಸೆರಾಯ್’ ಹತ್ತಿರ ಬಂದು ನಿಂತಿತು. ಇವತ್ತು ಅನೇಕ ಕೇಳುಗರಿಗೆ ಕಾರ್ಲೋಸ್ ಕೆಲಸದಲ್ಲಿ ಇದೇ ಶಿಖರ.

ಈಗ ಇದನ್ನು ‘ಫ್ಯೂಷನ್’ ಎಂದು ಕಪಾಟಿಗೆ ಸೇರಿಸಿದ್ದಾರೆ. ಆಗ ಜನ ಬಳಸುತ್ತಿದ್ದದ್ದು ‘ಜ್ಯಾಝ್-ರಾಕ್’ ಎಂಬ ಹೈಫನ್ ಇರುವ ಪದ. ನನಗೆ ಹೈಫನ್ ಇಷ್ಟ. ಎರಡು ಕಡೆಯಿಂದಲೂ ನಡೆಯಬಹುದಾದ ಕಾಲುಸಂಕ ಅದು. ಫ್ಯೂಷನ್ ಎಂದಾಗ ಎಲ್ಲ ಕರಗಿ ಒಂದಾಗಿದೆ ಎಂಬ ಭಾವ ಬಂದು, ಯಾರು ಎಲ್ಲಿಂದ ಬಂದರು ಎಂಬುದೇ ಮರೆಯುತ್ತದೆ. ನಮ್ಮ ಬೆಂಗಳೂರಿನಲ್ಲೇ ಆ ಪದ ಮದುವೆ ಆರತಕ್ಷತೆಯ ಕೀಬೋರ್ಡ್-ಕೊಳಲು ಜೋಡಿಗೆ ಇಳಿದಿದೆ. ಅದೇ ಊರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಆರ್.ಎ. ರಮಾಮಣಿ ಅವರ ಹಾಡುಗಾರಿಕೆ ಸಮೇತ, ಸ್ಯಾಕ್ಸೋಫೋನಿನ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ಹೊರತಂದ ‘ಜ್ಯೋತಿ’ ಆಲ್ಬಮ್ಮನ್ನು ಕೇಳಿದವರು ಈ ಸಭೆಯಲ್ಲಿ ಎಷ್ಟು ಜನ ಎಂದು ಕೈ ಎತ್ತಲು ಕೇಳಿದೆ. ಎದ್ದದ್ದು ನಾಲ್ಕು ಕೈ.

2012ರ ಅಕ್ಟೋಬರಿನಲ್ಲಿ ಕಾರ್ಲೋಸ್ ಸಾಂಟಾನಾ ಬೆಂಗಳೂರಿಗೇ ಬಂದು ನುಡಿಸಿದರು. ನಾನು ಊರಲ್ಲಿರಲಿಲ್ಲ. ಅಣ್ಣ ಹೋಗಿದ್ದ, ಆ ಹೊತ್ತಿಗೆ ತಲೆ ಪೂರ್ತಿ ನರೆತಿತ್ತು. ಮಾರನೇ ದಿನ ಫೋನ್ ಮಾಡಿ ಒಂದು ಗಂಟೆ ಮಾತಾಡಿದ. ಗಂಟಲು ಕೂತಿತ್ತು, ಕುಣಿದು ಮಂಡಿ ನೋವು ಬಂದಿತ್ತು. ಎಲ್ಲ ಕೇಳಿಸಿಕೊಂಡು ಕೊನೆಗೆ, ‘ಕ್ಯಾರವಾನ್ಸೆರಾಯ್’ನಿಂದ ಏನಾದರೂ ನುಡಿಸಿದರಾ ಎಂದೆ.

“ಯಾವ್ದು,” ಎಂದ ಅಣ್ಣ, “ಆ ಹುಳದ್ದಾ?”